ಗದ್ದದ ಕೆಳಗಿನ ಕೊಬ್ಬಿಗೆ ಇಂಜೆಕ್ಷನ್: ನಮ್ಮ ಜಿಲ್ಲೆಯಲ್ಲಿ ಮಾಡಿಸಿಕೊಂಡವರು ಇದ್ದೀರಾ?

ಕುಮಟೆಯ ಅಕ್ಕೋರು

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವವಳು, ವಯಸ್ಸು 41. ಕಳೆದ ತಿಂಗಳು ತಮ್ಮನ ಮನೆಯ ಗೃಹಪ್ರವೇಶದ ಫೋಟೋಗಳು ಬಂದಾಗ, ಆರತಿ ತಟ್ಟೆ ಹಿಡಿದು ತಲೆ ತಗ್ಗಿಸಿ ನಿಂತಿದ್ದ ನನ್ನ ಗದ್ದದ ಕೆಳಗೆ ಇನ್ನೊಂದು ಗದ್ದ ಕಾಣಿಸಿತು. ನನ್ನ ತೂಕ 56 ಕಿಲೋ. ಕೈಕಾಲು, ಹೊಟ್ಟೆ ಎಲ್ಲಿಯೂ ದಪ್ಪವಿಲ್ಲ. ಅಮ್ಮನಿಗೂ ಅಜ್ಜಿಗೂ ಹೀಗೆಯೇ ಇತ್ತು, ಅವರಿಗೆ ಅದು ಮನೆತನದ ಲಕ್ಷಣವೆಂಬ ಹೆಮ್ಮೆ ಬೇರೆ. ನನಗೆ ಆ ಹೆಮ್ಮೆ ಬರಲಿಲ್ಲ.

ನಗರದ ಸೌಂದರ್ಯ ಕೇಂದ್ರವೊಂದಕ್ಕೆ ಫೋನ್ ಮಾಡಿದೆ. ಕೊಬ್ಬು ಕರಗಿಸುವ ಇಂಜೆಕ್ಷನ್ ಇದೆ, ಎರಡು ಸಲ ಚುಚ್ಚಿದರೆ ಕೊಬ್ಬು ಕರಗಿ ಮೂತ್ರದಲ್ಲಿ ಹೊರಟುಹೋಗುತ್ತದೆ, ಮರುದಿನವೇ ಶಾಲೆಗೆ ಹೋಗಬಹುದು, ಒಂದು ಸಲಕ್ಕೆ ಹದಿನೈದು ಸಾವಿರ ಎಂದರು. ಔಷಧದ ಹೆಸರು ಕೇಳಿದಾಗ "ವಿದೇಶದ್ದು ಮೇಡಂ" ಎಂಬಷ್ಟೇ ಉತ್ತರ ಬಂತು. ಲೆಕ್ಕದ ಮೆಟ್ಟಿಲುಗಳನ್ನು ಬರೆಯದೆ ಉತ್ತರವನ್ನು ಮಾತ್ರ ಬರೆದ ಹುಡುಗರಿಗೆ ನಾನು ಅಂಕ ಕೊಡುವುದಿಲ್ಲ, ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ. ಇದು ನಿಜವಾದ ಚಿಕಿತ್ಸೆಯೇ? ಯಾರಾದರೂ ಮಾಡಿಸಿಕೊಂಡಿದ್ದೀರಾ?

ಶಿರಸಿ ತೋಟದಮನೆ

ತಂಗೀ, ಗದ್ದಕ್ಕೆ ಸೂಜಿ ಚುಚ್ಚಿಸಿಕೊಳ್ಳುವುದಕ್ಕಿಂತ ದಿನಾ ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ ಕೆಳಗಿನಿಂದ ಮೇಲಕ್ಕೆ ತಿಕ್ಕಿದರೆ ಸಾಲದೇ? ನಮ್ಮ ಮನೆಯವಳು ಮೊಬೈಲಿನಲ್ಲಿ ನೋಡಿ ಆಕಾಶಕ್ಕೆ ಮುಖ ಮಾಡಿ ನಾಲಗೆ ಚಾಚುವ ವ್ಯಾಯಾಮವನ್ನು ಆರು ತಿಂಗಳು ಮಾಡಿದಳು. ಫಲ ಏನಾಯಿತೆಂದು ನಾನು ಹೇಳಿದರೆ ಮನೆಯಲ್ಲಿ ಊಟ ಸಿಗುವುದಿಲ್ಲ.

ಅಂಕೋಲೆ ಮೂಲದ ಚರ್ಮವೈದ್ಯೆ

ಅಕ್ಕೋರೇ, ನಾನು ಅಂಕೋಲೆಯವಳು, ಈಗ ಹೊರಜಿಲ್ಲೆಯ ಆಸ್ಪತ್ರೆಯೊಂದರ ಚರ್ಮರೋಗ ವಿಭಾಗದಲ್ಲಿದ್ದೇನೆ. ಚಿಕಿತ್ಸೆ ನಿಜವಾದದ್ದೇ, ಆದರೆ ನಿಮಗೆ ಫೋನಿನಲ್ಲಿ ಹೇಳಿದ ಮಾತುಗಳಲ್ಲಿ ಸರಿಯಾದದ್ದು ಹುಡುಕಿದರೂ ಸಿಗುತ್ತಿಲ್ಲ.

ಔಷಧದ ಹೆಸರು ಡಿಆಕ್ಸಿಕೋಲಿಕ್ ಆ್ಯಸಿಡ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2015ರ ಏಪ್ರಿಲ್‌ನಲ್ಲಿ ಇದಕ್ಕೆ ಅನುಮತಿ ನೀಡಿತು. ಅಲ್ಲಿ ಕೈಬೆಲ್ಲಾ ಎಂದೂ ಕೆನಡಾದಲ್ಲಿ ಬೆಲ್ಕೈರಾ ಎಂದೂ ಮಾರುಕಟ್ಟೆಗೆ ಬಂತು. ಅನುಮತಿ ಸಿಕ್ಕಿದ್ದು ವಯಸ್ಕರ ಗದ್ದದ ಕೆಳಗಿನ, ಮಧ್ಯಮದಿಂದ ತೀವ್ರ ಪ್ರಮಾಣದ ಕೊಬ್ಬಿಗೆ ಮಾತ್ರ. ಹೊಟ್ಟೆಗೆ, ತೋಳಿಗೆ, ಕೆನ್ನೆಗೆ ಅಲ್ಲ. ಬೊಟಾಕ್ಸ್‌ಗೂ ಇದಕ್ಕೂ ಸಂಬಂಧವಿಲ್ಲ. ಬೊಟಾಕ್ಸ್ ಸ್ನಾಯುವನ್ನು ಸಡಿಲಗೊಳಿಸುವ ಔಷಧ.

ಕರಾವಳಿಯವರಿಗೆ ಇದರ ಕೆಲಸವನ್ನು ವಿವರಿಸುವುದು ಸುಲಭ. ಮೀನು ಸ್ವಚ್ಛಮಾಡುವಾಗ ಪಿತ್ತದ ಚೀಲ ಒಡೆದರೆ ಹಸಿರು ರಸ ಹರಿದು ಆ ತುಂಡೆಲ್ಲ ಕಹಿಯಾಗುತ್ತದಲ್ಲ, ಅಂಥ ರಸ ನಮ್ಮ ಹೊಟ್ಟೆಯಲ್ಲಿಯೂ ಇದೆ. ಊಟದ ಜಿಡ್ಡನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುವುದು ಅದರ ಕೆಲಸ, ಎಣ್ಣೆಸ್ನಾನದ ದಿನ ಸೀಗೆಪುಡಿ ತಲೆಯ ಎಣ್ಣೆಯನ್ನು ಬಿಡಿಸುವಂತೆ. ಡಿಆಕ್ಸಿಕೋಲಿಕ್ ಆ್ಯಸಿಡ್ ಅದರಲ್ಲಿರುವ ಒಂದು ಆಮ್ಲ. ಕರುಳಿನ ಬ್ಯಾಕ್ಟೀರಿಯಾಗಳು ಇದನ್ನು ತಯಾರಿಸುತ್ತವೆ. ಇಂಜೆಕ್ಷನ್ನಿನಲ್ಲಿರುವುದು ಪ್ರಾಣಿಯಿಂದ ತೆಗೆದದ್ದಲ್ಲ, ಕೃತಕವಾಗಿ ತಯಾರಿಸಿದ್ದು. ಅದನ್ನು ಕೊಬ್ಬಿನ ಪದರದೊಳಗೆ ಚುಚ್ಚಿದಾಗ ಕೊಬ್ಬಿನ ಜೀವಕೋಶದ ಪೊರೆಯೇ ಒಡೆದುಹೋಗುತ್ತದೆ. ಆಮೇಲೆ ಆ ಜಾಗದಲ್ಲಿ ಉರಿಯೂತವಾಗಿ, ದೇಹದ ಕಾವಲು ಕಣಗಳು ಬಂದು ಅವಶೇಷವನ್ನು ವಾರಗಟ್ಟಲೆ ತಿಂದು ತೆರವು ಮಾಡುತ್ತವೆ. ಮೂತ್ರದಲ್ಲಿ ಹೋಗುವುದೆಂಬುದು ಕಟ್ಟುಕಥೆ; ಔಷಧ ದೇಹದ ಪಿತ್ತಾಮ್ಲಗಳ ಜೊತೆ ಸೇರಿ ಕೊನೆಗೆ ಮಲದಲ್ಲಿ ಹೊರಬೀಳುತ್ತದೆ. ಒಮ್ಮೆ ಒಡೆದ ಕೋಶ ಮತ್ತೆ ಹುಟ್ಟುವುದಿಲ್ಲ, ಆದರೆ ಉಳಿದ ಕೋಶಗಳು ತೂಕ ಹೆಚ್ಚಿದರೆ ಉಬ್ಬದೇ ಇರುವುದಿಲ್ಲ.

ಈ ಔಷಧಕ್ಕೆ ಕೊಬ್ಬಿನ ಕೋಶ ಯಾವುದು, ಬೇರೆ ಕೋಶ ಯಾವುದು ಎಂಬ ವಿವೇಚನೆ ಅಷ್ಟಾಗಿ ಇಲ್ಲ ಎಂಬುದು ಮುಖ್ಯ. ಸ್ನಾಯು ಮತ್ತು ಚರ್ಮದಲ್ಲಿ ಪ್ರೋಟೀನ್ ಹೆಚ್ಚಿರುವುದರಿಂದ ಅದು ಅಲ್ಲಿ ಪ್ರೋಟೀನಿಗೆ ಅಂಟಿಕೊಂಡು ಸ್ವಲ್ಪ ಮೆತ್ತಗಾಗುತ್ತದೆ, ಅಷ್ಟೇ. ಚರ್ಮಕ್ಕೆ ತೀರ ಹತ್ತಿರ ಚುಚ್ಚಿದರೆ ಚರ್ಮ ಕೊಳೆತು ಹುಣ್ಣಾಗುತ್ತದೆ. ಆದ್ದರಿಂದ ಎಷ್ಟು ಆಳಕ್ಕೆ, ಯಾವ ಜಾಗಕ್ಕೆ ಚುಚ್ಚಬೇಕೆಂಬುದರ ಮೇಲೆಯೇ ಇಡೀ ಚಿಕಿತ್ಸೆ ನಿಂತಿದೆ.

ಕುಮಟೆಯ ಅಕ್ಕೋರು

ಡಾಕ್ಟರೇ, ತುಂಬಾ ಉಪಕಾರವಾಯಿತು. ಎಷ್ಟು ಸಲ, ಎಷ್ಟು ಪ್ರಮಾಣ ಎಂಬುದನ್ನೂ ದಯವಿಟ್ಟು ತಿಳಿಸಿ. ಎರಡು ಸಲ ಸಾಕೇ?

ಅಂಕೋಲೆ ಮೂಲದ ಚರ್ಮವೈದ್ಯೆ

ಚಿಕಿತ್ಸೆಗೆ ಮೊದಲು ಗದ್ದದ ಕೆಳಗೆ ಒಂದೊಂದು ಸೆಂಟಿಮೀಟರ್ ಅಂತರದಲ್ಲಿ ಚುಕ್ಕೆಗಳ ಜಾಲವನ್ನು ಮೂಡಿಸುತ್ತಾರೆ, ನೋಡಿದರೆ ರಂಗೋಲಿಗೆ ಇಟ್ಟ ಚುಕ್ಕಿಗಳಂತೆಯೇ ಇರುತ್ತದೆ. ಪ್ರತಿ ಚುಕ್ಕೆಗೆ 0.2 ಮಿಲಿಲೀಟರ್ ಔಷಧ. ಒಂದು ಸಲಕ್ಕೆ ಗರಿಷ್ಠ 50 ಚುಚ್ಚು, ಅಂದರೆ 10 ಮಿಲಿಲೀಟರ್. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಕನಿಷ್ಠ ಒಂದು ತಿಂಗಳ ಅಂತರ ಬೇಕು. ಒಟ್ಟು ಆರು ಸಲವನ್ನು ಮೀರುವಂತಿಲ್ಲ. ಅನುಮತಿಗೆ ಮೊದಲು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಎರಡು ಪ್ರಯೋಗಗಳಲ್ಲಿ ಔಷಧ ಪಡೆದವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನ ಆರೂ ಸಲ ಚುಚ್ಚಿಸಿಕೊಂಡಿದ್ದರು. ಎರಡರಲ್ಲಿ ಮುಗಿಯುವವರು ಇಲ್ಲವೆಂದಲ್ಲ, ಆದರೆ ನೋಡುವ ಮೊದಲೇ ಫೋನಿನಲ್ಲಿ ಆ ಮಾತು ಕೊಡಲು ಯಾರಿಗೂ ಸಾಧ್ಯವಿಲ್ಲ.

ನೀವು ಗಣಿತದವರಾದ್ದರಿಂದ ಅಂಕಿಗಳನ್ನೂ ಕೊಡುತ್ತೇನೆ. ಗದ್ದದ ಕೆಳಗೆ ಕೊಬ್ಬು ಎಷ್ಟಿದೆ ಎಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ಗುರುತಿಸಿದಾಗ, ವೈದ್ಯರ ಅಳತೆಯಲ್ಲಿಯೂ ರೋಗಿಯ ಅಳತೆಯಲ್ಲಿಯೂ ಕನಿಷ್ಠ ಒಂದು ಮೆಟ್ಟಿಲು ಸುಧಾರಣೆ ಕಂಡವರು ಔಷಧದ ಗುಂಪಿನಲ್ಲಿ ನೂರಕ್ಕೆ ಸುಮಾರು 70. ಔಷಧವಿಲ್ಲದ ಬರಿಯ ದ್ರಾವಣ ಚುಚ್ಚಿಸಿಕೊಂಡ ಗುಂಪಿನಲ್ಲಿ ಸುಮಾರು 20. ಎರಡು ಮೆಟ್ಟಿಲು ಇಳಿದವರು ಔಷಧದ ಗುಂಪಿನಲ್ಲಿಯೂ ನೂರಕ್ಕೆ ಇಪ್ಪತ್ತನ್ನು ಮುಟ್ಟಲಿಲ್ಲ. ಹೀಗಾಗಿ ಜಾಹೀರಾತಿನ ಫೋಟೋಗಳಲ್ಲಿ ಕಾಣುವ ಕತ್ತರಿಸಿದಂಥ ಗದ್ದದ ರೇಖೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ.

ಅಡ್ಡಪರಿಣಾಮದ ಅಂಕಿಗಳು ನನಗೆ ಇನ್ನೂ ಕುತೂಹಲಕರವಾಗಿ ಕಾಣುತ್ತವೆ. ಊತ ಔಷಧದ ಗುಂಪಿನಲ್ಲಿ ನೂರಕ್ಕೆ 87 ಜನರಿಗೆ, ಬರಿಯ ದ್ರಾವಣದ ಗುಂಪಿನಲ್ಲಿ 39 ಜನರಿಗೆ. ರಕ್ತ ಹೆಪ್ಪುಗಟ್ಟಿ ನೀಲಿಯಾಗುವುದು ಮೊದಲನೆಯದರಲ್ಲಿ 72, ಎರಡನೆಯದರಲ್ಲಿ 70. ಜೋಮು ಮೊದಲನೆಯದರಲ್ಲಿ 66, ಎರಡನೆಯದರಲ್ಲಿ ಬರೀ 6. ಎಂದರೆ ನೀಲಿ ಬರುವುದು ಹೆಚ್ಚಾಗಿ ಸೂಜಿಯಿಂದ, ಜೋಮು ಬರುವುದು ಔಷಧದಿಂದ.

ಹೊನ್ನಾವರದ ವೇಷಧಾರಿ

ನಾನು ಯಕ್ಷಗಾನದ ಬಡಗುತಿಟ್ಟಿನ ಮೇಳವೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸ್ತ್ರೀವೇಷ ಮಾಡುವವನು, ಮತ್ತು ಈ ಚಿಕಿತ್ಸೆಯನ್ನು ಮೂರು ಸಲ ಮಾಡಿಸಿಕೊಂಡವನು. ಹೇಳಲು ಸ್ವಲ್ಪ ಸಂಕೋಚವಿತ್ತು. ಅಕ್ಕೋರು ಧೈರ್ಯವಾಗಿ ಕೇಳಿದ್ದರಿಂದ ಬರೆಯುತ್ತಿದ್ದೇನೆ. ನಲವತ್ತು ದಾಟಿದ ಮೇಲೆ ದ್ರೌಪದಿಯ ಕುತ್ತಿಗೆ ಎಲ್ಲಿ ಮುಗಿಯುತ್ತದೆ, ಗದ್ದ ಎಲ್ಲಿ ಶುರುವಾಗುತ್ತದೆ ಎಂಬುದು ಚೌಕಿಯ ಕನ್ನಡಿಯಲ್ಲಿ ನನಗೇ ತಿಳಿಯದಂತಾಗಿತ್ತು. ಬಣ್ಣದಲ್ಲಿ ನೆರಳು ಎಳೆದು ಎಷ್ಟು ಮುಚ್ಚಲಾದೀತು?

ತಿರುಗಾಟ ನವೆಂಬರಿನಿಂದ ಮೇ ತನಕ. ಆದ್ದರಿಂದ ಮಳೆಗಾಲವನ್ನೇ ಆರಿಸಿಕೊಂಡು 2024ರ ಜೂನ್‌ನಲ್ಲಿ ಗೋವಾದ ಆಸ್ಪತ್ರೆಯೊಂದಕ್ಕೆ ಹೋದೆ. ಮೊದಲು ವೈದ್ಯರು ಗದ್ದದ ಕೆಳಗಿನ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು, ಹಲ್ಲು ಕಚ್ಚಿ ಕುತ್ತಿಗೆಯ ನರಗಳನ್ನು ಬಿಗಿಮಾಡಲು ಹೇಳಿ, ಮತ್ತೆ ಚಿವುಟಿ ನೋಡಿದರು. ಐಸ್ ಇಟ್ಟು ಮರಗಟ್ಟಿಸಿ, ಚುಕ್ಕೆ ಮೂಡಿಸಿ, ಇಪ್ಪತ್ತೆಂಟು ಕಡೆ ಚುಚ್ಚಿದರು, ನಾನು ಎಣಿಸುತ್ತಿದ್ದೆ. ಚುಚ್ಚುವಾಗ ಅಷ್ಟೇನೂ ಇಲ್ಲ. ಐದು ನಿಮಿಷದ ಮೇಲೆ ಹಸಿಮೆಣಸು ಅರೆದು ಮೆತ್ತಿದಂಥ ಉರಿ ಶುರುವಾಗಿ ಒಂದೆರಡು ಗಂಟೆ ಇತ್ತು.

ಮರುದಿನ ಬೆಳಿಗ್ಗೆ ಕನ್ನಡಿ ನೋಡಿದರೆ ನಾನು ಮೊದಲ ಮಳೆಗೆ ವಟಗುಟ್ಟುವ ಗೋಂಕರು ಕಪ್ಪೆ. ಗದ್ದದಿಂದ ಗಂಟಲ ಮಣಿಯ ತನಕ ಒಂದೇ ಚೀಲ. ಮಗಳು ನಕ್ಕಳು, ಅಮ್ಮ ಅತ್ತಳು. ನಾಲ್ಕನೆಯ ದಿನದಿಂದ ಇಳಿಯತೊಡಗಿ ಹತ್ತು ಹನ್ನೆರಡು ದಿನಕ್ಕೆ ಹೊರಗೆ ಹೋಗುವಂತಾಯಿತು. ಮರುದಿನವೇ ಶಾಲೆಗೆ ಹೋಗಬಹುದೆಂದು ಅಕ್ಕೋರಿಗೆ ಹೇಳಿದವರು ಆ ಮುಖ ಹೊತ್ತು ತಾವೇ ಒಮ್ಮೆ ತರಗತಿಗೆ ಹೋಗಿ ನೋಡಲಿ.

ಎರಡನೆಯ ಸಲಕ್ಕೆ ಜುಲೈ ಮೂರನೆಯ ವಾರದ ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಯಿತು. ರೈಲಿತ್ತು, ಆದರೆ ಆ ದಿನಗಳಲ್ಲಿ ಗದ್ದದ ಚಿಂತೆ ಹೊತ್ತು ಆ ದಾರಿಯಲ್ಲಿ ಹೋಗಲು ಮನಸ್ಸು ಬರಲಿಲ್ಲ. ಫೋನ್ ಮಾಡಿದಾಗ ವೈದ್ಯರು ಒಂದು ತಿಂಗಳ ಒಳಗೆ ಬರಬಾರದು ಅಷ್ಟೇ, ತಡವಾದರೆ ತೊಂದರೆಯಿಲ್ಲ ಎಂದರು. ಆಗಸ್ಟ್ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಉಳಿದೆರಡು ಮುಗಿದವು. ಊತ ಪ್ರತಿ ಸಲವೂ ಮೊದಲಿಗಿಂತ ಕಡಿಮೆ.

ಯಾರೂ ಹೇಳದ ಒಂದು ಸಂಗತಿ ಇದೆ. ಜೋಮು ನನಗೆ ಏಳೆಂಟು ವಾರ ಉಳಿಯಿತು. ನವೆಂಬರಿನ ಮೊದಲ ಆಟದ ದಿನ ತಲೆಯ ಕಟ್ಟಿನ ದಾರವನ್ನು ಗದ್ದದ ಕೆಳಗೆ ಎಳೆದು ಕಟ್ಟುವಾಗ ಎಷ್ಟು ಬಿಗಿಯಾಯಿತೆಂಬುದೇ ತಿಳಿಯಲಿಲ್ಲ. ಬೆಳಗಿನ ಜಾವ ಬಿಚ್ಚಿದಾಗ ದಾರ ಚರ್ಮದಲ್ಲಿ ಇಳಿದು ಗೆರೆ ಕೆಂಪಗೆ ಬಾತುಕೊಂಡಿತ್ತು. ಈಗ ದಾರದ ಕೆಳಗೆ ಬೆರಳು ತೂರಿಸಿ ನೋಡದೆ ಗಂಟು ಹಾಕುವುದಿಲ್ಲ. ಇನ್ನೊಂದು, ಗದ್ದದ ಕೆಳಗೆ ಎರಡು ಬಿಲ್ಲೆಯಷ್ಟು ಜಾಗದಲ್ಲಿ ಗಡ್ಡ ಬರುವುದು ನಿಂತಿದೆ. ಬೇರೆಯವರಿಗೆ ಅದು ನಷ್ಟವಿರಬಹುದು, ನನಗೆ ಕ್ಷೌರದ ಕೆಲಸ ಅಷ್ಟು ಉಳಿಯಿತು.

ಗದ್ದ ಮಾಯವಾಗಿಲ್ಲ, ಕಡಿಮೆಯಾಗಿದೆ. ದ್ರೌಪದಿಗೆ ಕುತ್ತಿಗೆ ವಾಪಸು ಬಂದಿದೆ.

ಶಿರಸಿ ತೋಟದಮನೆ

ನಿಮ್ಮ ದ್ರೌಪದಿಯನ್ನು ನಾನು ಕಳೆದ ಚಳಿಗಾಲದಲ್ಲಿ ನೋಡಿದ್ದೇನೆ ಎಂದು ಕಾಣುತ್ತದೆ. ಎಣ್ಣೆಯ ಸಲಹೆಯನ್ನು ವಾಪಸು ತೆಗೆದುಕೊಂಡಿದ್ದೇನೆ.

ಕಾರವಾರ ಕೋಡಿಬಾಗ

ನನ್ನದು ಬೇರೆ ಕಥೆ. ಊರು, ಅಂಗಡಿ ಯಾವುದನ್ನೂ ಹೇಳುವುದಿಲ್ಲ. ಎರಡು ವರ್ಷದ ಹಿಂದೆ ಗೆಳತಿಯ ಮಾತು ಕೇಳಿ ದೂರದ ಬ್ಯೂಟಿಪಾರ್ಲರ್ ಒಂದರಲ್ಲಿ ಕೊಬ್ಬು ಕರಗಿಸುವ ಇಂಜೆಕ್ಷನ್ ಹಾಕಿಸಿಕೊಂಡೆ. ಹಾಕಿದವರು ವೈದ್ಯರಲ್ಲ, ತರಬೇತಿ ಪಡೆದವರು ಎಂದಿದ್ದರು. ಚುಕ್ಕೆಯ ಜಾಲವನ್ನೇನೂ ಹಾಕಲಿಲ್ಲ, ಕಣ್ಣಂದಾಜಿನಲ್ಲಿ ದವಡೆಯ ಅಂಚಿನ ತನಕ ಚುಚ್ಚಿದರು. ಮೂರನೆಯ ದಿನ ಚಹಾ ಕುಡಿಯುವಾಗ ತುಟಿಯ ಎಡ ಮೂಲೆಯಿಂದ ಚಹಾ ಸೋರಿತು. ನಕ್ಕರೆ ಬಲಗಡೆಯ ತುಟಿ ಇಳಿಯುತ್ತಿತ್ತು, ಎಡಗಡೆಯದು ಇದ್ದಲ್ಲಿಯೇ ಇರುತ್ತಿತ್ತು. ಲಕ್ವ ಹೊಡೆಯಿತೆಂದು ಮನೆಯವರು ರಾತ್ರೋರಾತ್ರಿ ಆಸ್ಪತ್ರೆಗೆ ಒಯ್ದರು. ತುಟಿ ಸರಿಹೋಗಲು ಎರಡೂವರೆ ತಿಂಗಳು ಹಿಡಿಯಿತು. ಗದ್ದದ ಕೆಳಗೆ ಅಡಿಕೆಯಷ್ಟು ದೊಡ್ಡ ಎರಡು ಗಂಟುಗಳು ಈಗಲೂ ಕೈಗೆ ಸಿಗುತ್ತವೆ. ಸೀಸೆಯ ಹೆಸರು ಆಸ್ಪತ್ರೆಯವರು ಕೇಳಿದರು, ನನ್ನ ಬಳಿ ಉತ್ತರವಿರಲಿಲ್ಲ.

ಅಂಕೋಲೆ ಮೂಲದ ಚರ್ಮವೈದ್ಯೆ

ಅಕ್ಕಾ, ನಿಮಗಾದದ್ದನ್ನು ಓದಿ ಬೇಸರವಾಯಿತು. ಆ ಗಂಟುಗಳನ್ನು ಒಮ್ಮೆ ಸ್ಕ್ಯಾನ್ ಮಾಡಿಸಿ, ಬಿಟ್ಟುಬಿಡಬೇಡಿ.

ತುಟಿಗೆ ಆದದ್ದಕ್ಕೆ ಕಾರಣ ಹೀಗಿದೆ. ಮುಖದ ನರದ ಒಂದು ಕವಲು ದವಡೆಯ ಕೆಳ ಅಂಚಿನ ಗುಂಟ ಸಾಗಿ ಕೆಳತುಟಿಯನ್ನು ಕೆಳಗೆಳೆಯುವ ಸ್ನಾಯುಗಳಿಗೆ ಹೋಗುತ್ತದೆ. ಅದನ್ನು ಉಳಿಸಲೆಂದೇ ದವಡೆಯ ಅಂಚಿನಿಂದ ಕೆಳಗೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಪಟ್ಟಿಯಲ್ಲಿ ಸೂಜಿ ಹಾಕಬಾರದೆಂದು ಔಷಧದ ಜೊತೆಗಿರುವ ಸೂಚನೆಯಲ್ಲಿ ಸ್ಪಷ್ಟವಾಗಿದೆ. ಜಾಗರೂಕತೆಯಿಂದ ನಡೆಸಿದ ಪ್ರಯೋಗಗಳಲ್ಲಿಯೂ ನೂರಕ್ಕೆ ನಾಲ್ವರಿಗೆ ಈ ತೊಂದರೆ ಬಂದು ತಾನಾಗಿ ಗುಣವಾಗಿದೆ. ಮಧ್ಯಮ ಅವಧಿ 44 ದಿನ, ಅತಿ ಹೆಚ್ಚೆಂದರೆ 298 ದಿನ. ನೂರಕ್ಕೆ ಇಬ್ಬರಿಗೆ ನುಂಗಲು ಕಷ್ಟವಾಗಿತ್ತು, ಅದೂ ಹೋಯಿತು. ಹಾಗಿರುವಾಗ ಕಣ್ಣಂದಾಜಿನಲ್ಲಿ ಚುಚ್ಚಿದರೆ ಏನಾದೀತು?

ಇನ್ನು ಸೀಸೆಯ ಮಾತು. ಈ ಔಷಧ ಬರುವ ಮೊದಲು ಹಲವು ದೇಶಗಳಲ್ಲಿ ಸೋಯಾದಿಂದ ತೆಗೆದ ಫಾಸ್ಫಟಿಡೈಲ್‌ಕೋಲಿನ್ ಎಂಬ ಪದಾರ್ಥವನ್ನು ಡಿಆಕ್ಸಿಕೋಲೇಟ್ (ಇದೇ ಆಮ್ಲದ ಲವಣ ರೂಪ) ಜೊತೆ ಬೆರೆಸಿ ಚುಚ್ಚುತ್ತಿದ್ದರು. ಕೊಬ್ಬು ಒಡೆಯುವ ಕೆಲಸವನ್ನು ಮುಖ್ಯವಾಗಿ ಮಾಡುತ್ತಿದ್ದುದು, ಬೆರೆಸಲು ಹಾಕಿದ್ದ ಡಿಆಕ್ಸಿಕೋಲೇಟೇ ಎಂಬುದು ಆಮೇಲೆ ತಿಳಿಯಿತು. ಅಂಥ ಮಿಶ್ರಣಗಳು ಈಗಲೂ ಆನ್‌ಲೈನ್‌ನಲ್ಲಿ ತಿರುಗುತ್ತಿವೆ. ಅನುಮತಿಯಿಲ್ಲದ ಕೊಬ್ಬು ಕರಗಿಸುವ ಇಂಜೆಕ್ಷನ್‌ಗಳಿಂದ ಶಾಶ್ವತ ಕಲೆ, ಸೋಂಕು, ನೋವಿನ ಗಂಟುಗಳಾದ ಬಗ್ಗೆ ಎಫ್‌ಡಿಎ 2023ರಲ್ಲಿ ಜನರನ್ನು ಎಚ್ಚರಿಸಿದೆ.

ಅಕ್ಕೋರೇ, ಸೀಸೆಯನ್ನು ನಿಮ್ಮ ಎದುರಿಗೇ ಒಡೆಯಲು ಹೇಳಿ, ಮೊದಲು ಲೇಬಲ್ ಓದಿ. ಇಲ್ಲಿಯೇ ತಯಾರಾದದ್ದಾದರೆ ತಯಾರಿಕಾ ಪರವಾನಗಿ ಸಂಖ್ಯೆ, ಹೊರಗಿನದ್ದಾದರೆ ಆಮದು ಪರವಾನಗಿ ಸಂಖ್ಯೆ, ಜೊತೆಗೆ ಬ್ಯಾಚ್ ಸಂಖ್ಯೆ ಮತ್ತು ಅವಧಿ ಇರಲೇಬೇಕು. ಖಾಸಗಿ ಚಿಕಿತ್ಸಾಲಯವಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರ ಗೋಡೆಯ ಮೇಲಿದೆಯೇ ಎಂದು ನೋಡಿ. ಗೋವಾಕ್ಕೆ ಹೋದರೆ ಆ ಕಾಯ್ದೆ ಅನ್ವಯಿಸುವುದಿಲ್ಲ, ಆದರೆ ವೈದ್ಯರ ನೋಂದಣಿ ಸಂಖ್ಯೆಯನ್ನು ಎಲ್ಲಿಯೂ ಕೇಳಬಹುದು.

ಯಲ್ಲಾಪುರದವ

ಒಂದು ಮಾತು ಸೇರಿಸುತ್ತೇನೆ. ನಮ್ಮ ದೊಡ್ಡಪ್ಪನವರಿಗೂ ಗದ್ದದ ಕೆಳಗೆ ಉಬ್ಬಿತ್ತು. ವಯಸ್ಸಾಯಿತು, ಕೊಬ್ಬು ಎಂದು ಎಲ್ಲರೂ ಹೇಳುತ್ತಿದ್ದೆವು. ನಲವತ್ತು ವರ್ಷ ಎಲೆ-ಅಡಿಕೆಯ ಕವಳ ಹಾಕಿದ ಬಾಯಿ. ಹಲ್ಲುನೋವಿಗೆ ಹೋದಾಗ ದಂತವೈದ್ಯರು ಗದ್ದ ಮುಟ್ಟಿ ನೋಡಿ ಇದು ಗಂಟು, ಕೊಬ್ಬಲ್ಲ ಎಂದು ಹುಬ್ಬಳ್ಳಿಗೆ ಕಳಿಸಿದರು. ನಾಲಗೆಯ ಅಡಿಯ ಹುಣ್ಣಿನಿಂದ ಬಂದ ಗಡ್ಡೆಯಾಗಿತ್ತು. ಬೇಗ ಸಿಕ್ಕಿದ್ದರಿಂದ ಈಗ ಚೆನ್ನಾಗಿದ್ದಾರೆ.

ಅಂಕೋಲೆ ಮೂಲದ ಚರ್ಮವೈದ್ಯೆ

ಇದನ್ನು ನಾನೇ ಮೊದಲು ಬರೆಯಬೇಕಿತ್ತು. ಗದ್ದದ ಕೆಳಗೆ ಉಬ್ಬಿದ್ದೆಲ್ಲ ಕೊಬ್ಬಲ್ಲ. ಥೈರಾಯ್ಡ್, ಲಾಲಾಗ್ರಂಥಿ, ದುಗ್ಧಗ್ರಂಥಿಯ ಗಂಟು, ಸಡಿಲಗೊಂಡ ಚರ್ಮ, ಕುತ್ತಿಗೆಯ ತೆಳು ಸ್ನಾಯುವಿನ ಪಟ್ಟಿ, ಹುಟ್ಟಿನಿಂದಲೇ ಹಿಂದೆ ಸರಿದ ಸಣ್ಣ ದವಡೆ, ಯಾವುದೂ ಇರಬಹುದು. ಕೊಬ್ಬೇ ಆದರೂ ಆ ತೆಳು ಸ್ನಾಯುವಿನ ಮುಂದಿರುವುದಕ್ಕೆ ಮಾತ್ರ ಈ ಇಂಜೆಕ್ಷನ್, ಹಿಂದಿರುವುದಕ್ಕೆ ತಲುಪುವುದಿಲ್ಲ. ವೇಷಧಾರಿಗಳಿಗೆ ಹಲ್ಲು ಕಚ್ಚಿಸಿ ಚಿವುಟಿ ನೋಡಿದ್ದು ಅದಕ್ಕಾಗಿಯೇ. ಚರ್ಮ ತೀರ ಜೋತುಬಿದ್ದಿದ್ದರೆ ಒಳಗಿನ ಕೊಬ್ಬು ಹೋದ ಮೇಲೆ ಖಾಲಿ ಚೀಲ ಇನ್ನಷ್ಟು ಎದ್ದು ಕಾಣುತ್ತದೆ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಅದನ್ನು ಮೊದಲೇ ಹೇಳಬೇಕು, ಆ ಜಾಗದಲ್ಲಿ ಸೋಂಕಿದ್ದರೆ ಚುಚ್ಚುವಂತೆಯೇ ಇಲ್ಲ.

ಕುಮಟೆಯ ಅಕ್ಕೋರು

ಮೂರು ವಾರಗಳ ಮೇಲೆ ಬರೆಯುತ್ತಿದ್ದೇನೆ. ಮೊದಲು ಆ ಸೌಂದರ್ಯ ಕೇಂದ್ರಕ್ಕೆ ಸೀಸೆಯ ಫೋಟೋ ಕಳಿಸಿ ಎಂದೆ. ಕಳಿಸಿದರು. ಲೇಬಲ್ ತುಂಬ ನನಗೆ ಓದಲು ಬಾರದ ಲಿಪಿ, ಒಂದು ಹೂವಿನ ಚಿತ್ರ. ಪರವಾನಗಿ ಸಂಖ್ಯೆ ಎಲ್ಲಿಯೂ ಇಲ್ಲ. ಅಲ್ಲಿಗೆ ಆ ಲೆಕ್ಕ ಮುಗಿಯಿತು.

ಆಮೇಲೆ ಚರ್ಮವೈದ್ಯರೊಬ್ಬರ ಬಳಿ ಹೋದೆ. ಅವರು ಕುತ್ತಿಗೆ ಮುಟ್ಟಿ ನೋಡಿ, ನುಂಗಿಸಿ ನೋಡಿ, ಥೈರಾಯ್ಡ್ ಪರೀಕ್ಷೆಯನ್ನೂ ಸ್ಕ್ಯಾನನ್ನೂ ಮಾಡಿಸಿದರು. ಎರಡೂ ಸರಿಯಿವೆ. ಹಲ್ಲು ಕಚ್ಚಿಸಿದಾಗಲೂ ಬೆರಳಿಗೆ ಸಿಗುತ್ತದೆ, ಆದ್ದರಿಂದ ಕೊಬ್ಬು ಸ್ನಾಯುವಿನ ಮುಂದೆಯೇ ಇದೆ, ಚರ್ಮವೂ ಬಿಗಿಯಾಗಿದೆ ಎಂದರು. ದವಡೆ ಸ್ವಲ್ಪ ಸಣ್ಣದು, ಹಾಗಾಗಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆಯಂತೆ. ಅಮ್ಮನ ಹೆಮ್ಮೆಯ ಮೂಲ ಅದೇ ಇರಬೇಕು. ಎರಡು ಮಿಲಿಲೀಟರಿನ ಎರಡೆರಡು ಸೀಸೆಯಂತೆ ಮೂರು ಅಥವಾ ನಾಲ್ಕು ಸಲ ಬೇಕಾದೀತು ಎಂಬುದು ಅವರ ಅಂದಾಜು. ಒಂದು ಸಲದಲ್ಲಿ ಪೂರ್ತಿ ತೆಗೆಯಬೇಕೆಂದಿದ್ದರೆ ಲೈಪೊಸಕ್ಷನ್ ಇದೆ, ಅದು ಶಸ್ತ್ರಚಿಕಿತ್ಸೆ ಎಂದರು. ನನಗೆ ಅಷ್ಟು ಬೇಡ.

ಈಗ ಉಳಿದಿರುವುದು ರಜೆಯ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ಮಾಡಿಸೋಣವೆಂದರೆ ಮನೆಯಲ್ಲಿ ಎರಡು ಮದುವೆ, ಒಂದು ಉಪನಯನ. ಜೂನ್‌ನಲ್ಲಿ ಶಾಲೆ ಶುರು. ಹತ್ತು ದಿನ ಯಾರಿಗೂ ಮುಖ ತೋರಿಸದಿರಲು ದಸರಾ ರಜೆಯೊಂದೇ ಸಿಗುತ್ತದೆ.

ಅಂಕೋಲೆ ಮೂಲದ ಚರ್ಮವೈದ್ಯೆ

ದಸರಾ ರಜೆ ಶುರುವಾಗುವ ದಿನವೇ ಮಾಡಿಸಿ, ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಎರಡನೆಯದಕ್ಕೆ ಮುಂದಿನ ರಜೆಯ ತನಕ ಕಾದರೂ ಏನೂ ಕೆಡುವುದಿಲ್ಲ. ಮೊದಲ ಎರಡು ಮೂರು ರಾತ್ರಿ ದಿಂಬು ಎತ್ತರಿಸಿ ಮಲಗಿ. ನುಂಗುವುದು ಕಷ್ಟವಾದರೆ, ತುಟಿ ಓರೆಯಾದರೆ, ಚರ್ಮ ಕಪ್ಪಾಗತೊಡಗಿದರೆ ಕಾಯಬೇಡಿ, ಚುಚ್ಚಿದವರಿಗೇ ಫೋನ್ ಮಾಡಿ. ಚಿಕಿತ್ಸೆಯ ದಿನವೇ ಆ ನಂಬರ್ ಪಡೆದುಕೊಂಡಿರಿ.

ಹೊನ್ನಾವರದ ವೇಷಧಾರಿ

ಅಕ್ಕೋರೇ, ಅಕ್ಟೋಬರಿನಲ್ಲಿ ನಾನೂ ಒಮ್ಮೆ ತೋರಿಸಿಕೊಂಡು ಬರಬೇಕು, ನಾಲ್ಕನೆಯ ಸಲ ಬೇಕೋ ಬೇಡವೋ ಎಂದು ಕೇಳುವುದಿದೆ. ಮಡಗಾಂವದ ಕಡೆಗೆ ಹೋಗುವುದಾದರೆ ಬೆಳಗಿನ ರೈಲಿಗೆ ಕುಮಟೆಯಲ್ಲಿ ಹತ್ತಿಕೊಳ್ಳಿ. ಬರುವಾಗ ಕುತ್ತಿಗೆಗೆ ಸುತ್ತಿಕೊಳ್ಳಲು ಒಂದು ದೊಡ್ಡ ಶಾಲು ಇರಲಿ, ನನ್ನ ಬಳಿ ಒಂದೇ ಇರುವುದು.